ಗವರ್ನರ್ ಸಾಹೇಬರ ಎಡಗೈ

2023ನೇ ಇಸವಿ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ನಮ್ಮ ಮನೆತನದ ಶಿಲ್ಪಶಾಲೆಗೆ ನಾನು ಹಿರಿಯ ಶಿಲ್ಪಿಯಾಗಿದ್ದ ಕಡೆಯ ವರ್ಷ ಅದು. ಆಮೇಲೆ ಮಂಡಿನೋವೂ ಕಲ್ಲಿನ ದೂಳೂ ಸೇರಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿದವು. ಈಗ ಕೆಲಸ ಮಗ ನೋಡಿಕೊಳ್ಳುತ್ತಾನೆ, ನಾನು ಪಕ್ಕದಲ್ಲಿ ಕೂತು ಬೈಯುತ್ತೇನೆ. ಎಷ್ಟು ಗಣಪತಿ, ಎಷ್ಟು ಆಂಜನೇಯ, ಎಷ್ಟು ಗ್ರಾಮದೇವತೆಗಳು ಈ ಕೈಯಿಂದ ಎದ್ದರೋ ನಾನು ಲೆಕ್ಕ ಇಟ್ಟವನಲ್ಲ. ಮುಳಬಾಗಿಲಿನ ಕಡೆ ಹೋಗಿ, ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ಗುಡಿಗಳಿಗೆ ಹೋಗಿ, ಒಳಗೆ ನಿಂತಿರುವವರಲ್ಲಿ ಯಾರಾದರೊಬ್ಬರು ನಮ್ಮ ಅಂಗಳದಿಂದ ಹೊರಟವರೇ ಆಗಿರುತ್ತಾರೆ. ಈ ಮಾತಿನಲ್ಲಿ ಜಂಬ ಕಂಡರೆ ಕಾಣಲಿ. ಜಂಬ ಪಡುವ ಕೆಲಸವನ್ನೇ ಮಾಡಿದ್ದೇವೆ.

ಆದರೆ ಮರೆಯಲಾರದ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಯಾವ ದೇವರೂ ಅಲ್ಲ, ಆ ವರ್ಷ ಕೆತ್ತಿದ ಅಮೆರಿಕದ ಒಂದು ರಾಜ್ಯದ ಗವರ್ನರ್. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅವರ ಮಗಳು ಬೇಡ ಎಂದಿದ್ದಾರೆ, ಮಾತು ಕೊಟ್ಟಿದ್ದೇನೆ.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮಲ್ಲಿ ರಾಜ್ಯಪಾಲರನ್ನು ದೆಹಲಿಯಿಂದ ನೇಮಿಸುತ್ತಾರೆ. ಅಲ್ಲಿ ಗವರ್ನರನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ನಮ್ಮ ಮುಖ್ಯಮಂತ್ರಿಗೆ ಸಮ ಅಂದುಕೊಳ್ಳಿ. ಈ ಸಾಹೇಬರು ಅಧಿಕಾರದಲ್ಲಿದ್ದಾಗ ಅವರ ಊರಿನ ಹತ್ತಿರ ನಮ್ಮ ಜನ ಒಂದು ದೇವಸ್ಥಾನ ಕಟ್ಟಿದರು. ಅಲ್ಲಿನ ವೆಂಕಟೇಶ್ವರ, ಪದ್ಮಾವತಿ ಇಬ್ಬರೂ ನಮ್ಮ ಶಾಲೆಯಿಂದ ಹಡಗು ಹತ್ತಿ ಹೋದವರು. ಪ್ರತಿಷ್ಠೆಯ ದಿನ ಗವರ್ನರ್ ಸಾಹೇಬರು ಪುಟ್ಟ ಮಗಳನ್ನು ಕರೆದುಕೊಂಡು ಬಂದಿದ್ದರಂತೆ. ಆ ಮಗಳು ಎಲೆನ್. ಎಷ್ಟೋ ವರ್ಷವಾದ ಮೇಲೆ ತಂದೆ ತೀರಿಕೊಂಡಾಗ, ಊರಿನ ಗ್ರಂಥಾಲಯದ ಮುಂದೆ ಅವರ ಪ್ರತಿಮೆ ನಿಲ್ಲಿಸುವ ಮಾತು ಬಂತು. ಆಗ ಆಕೆ ಹೇಳಿದರಂತೆ, ‘ಆ ಕಪ್ಪು ದೇವರುಗಳನ್ನು ಮಾಡಿದ ಕೈ ಯಾವುದೋ, ಅದೇ ಕೈ ನಮ್ಮ ಅಪ್ಪನನ್ನೂ ಮಾಡಲಿ’ ಎಂದು.

ನನ್ನ ಇಂಗ್ಲಿಷ್ ಬಿಲ್ ಬರೆಯುವುದಕ್ಕೆ ಸಾಕು, ಮಾತಿಗೆ ಸಾಲದು. ಮಾಲೂರಿನ ಕಾಲೇಜಿನಲ್ಲಿ ನನ್ನ ಮಗನಿಗೆ ಇಂಗ್ಲಿಷ್ ಪಾಠ ಹೇಳಿದ್ದ ಫಾತಿಮಾ ಮೇಡಂ ನಡುವೆ ಕೂತು ಮಾತಾಡಿಸಲು ಒಪ್ಪಿದರು. ನಮ್ಮ ಸಂಜೆ, ಅವರ ಬೆಳಗು. ವಿಡಿಯೋ ಕಾಲ್‌ನಲ್ಲಿ ಎಲೆನ್ ಅಮ್ಮ ಕಾಫಿ ಕುಡಿಯುತ್ತಾ ತಂದೆಯ ಕಥೆ ಹೇಳುವರು, ಫಾತಿಮಾ ಮೇಡಂ ಕನ್ನಡ ಮಾಡುವರು, ನಾನು ಕೇಳುವೆ. ದೇವರಿಗಾದರೆ ಧ್ಯಾನಶ್ಲೋಕ ಇರುತ್ತದೆ: ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ ಎಲ್ಲ ಅದರಲ್ಲೇ ಬರುತ್ತದೆ. ಮನುಷ್ಯನಿಗೆ ಶ್ಲೋಕ ಎಲ್ಲಿಂದ ತರುವುದು? ಅವನ ಬದುಕೇ ಶ್ಲೋಕ ಅಂದುಕೊಂಡು ಕೂತೆ.

ಗವರ್ನರ್ ಸಾಹೇಬರ ತಂದೆ ಮರ ಕೊಯ್ಯುವ ಮಿಲ್ಲಿನಲ್ಲಿ ಕೂಲಿ. ಹುಡುಗ ಹೈಸ್ಕೂಲಿನ ಬೇಸಿಗೆ ರಜೆಯಲ್ಲಿ ಅದೇ ಮಿಲ್ಲಿಗೆ ಕೆಲಸಕ್ಕೆ ಹೋದ. ತಿರುಗುವ ಗರಗಸದ ಚಕ್ರಕ್ಕೆ ಮುಚ್ಚಳ ಇರಲಿಲ್ಲ. ಎಡಗೈಯ ಉಂಗುರದ ಬೆರಳು, ಕಿರುಬೆರಳು ಎರಡೂ ಬುಡಸಮೇತ ಹೋದವು. ‘ನೀನೇ ಹುಷಾರಾಗಿರಬೇಕಿತ್ತು’ ಎಂದು ಮಿಲ್ಲಿನವರು ಮನೆಗೆ ಕಳಿಸಿದರು. ಹುಡುಗ ಸುಮ್ಮನಾಗಲಿಲ್ಲ. ಸಂಜೆ ಕಾಲೇಜಿನಲ್ಲಿ ಲಾ ಓದಿದ, ಕಾರ್ಮಿಕರ ವಕೀಲನಾದ. ಚುನಾವಣೆಗೆ ನಿಂತಾಗ ಮಿಲ್ಲುಗಳ ಗೇಟಿನ ಮುಂದೆ ನಿಂತು ಎಡಗೈ ಎತ್ತಿ, ‘ಇದನ್ನು ನೋಡಿ’ ಅನ್ನುವುದೇ ಅವರ ಭಾಷಣದ ಮೊದಲ ಮಾತು. ಗವರ್ನರ್ ಆದ ಮೇಲೆ, ಕವಚ ಇಲ್ಲದ ಯಾವ ಯಂತ್ರವೂ ತಮ್ಮ ರಾಜ್ಯದಲ್ಲಿ ತಿರುಗಕೂಡದು ಎಂದು ಕಾನೂನು ತಂದರು. ದೊಡ್ಡವರೆಲ್ಲ ಸೇರಿ ಸೋಲಿಸಲು ನೋಡಿದರು. ಜನ ಎರಡನೇ ಸಲವೂ ಗೆಲ್ಲಿಸಿದರು.

ಆಮೇಲೆ ಅಧ್ಯಕ್ಷರು ಅವರನ್ನು ರಾಜಧಾನಿಗೆ ಕರೆಸಿಕೊಂಡು ಕಾರ್ಮಿಕ ಖಾತೆ ಕೊಟ್ಟರು. ಅಲ್ಲಿ ಆ ಹುದ್ದೆಗೆ ಸೆಕ್ರೆಟರಿ ಅನ್ನುತ್ತಾರೆ, ನಮ್ಮ ಕೇಂದ್ರ ಸಚಿವರ ಹಾಗೆ. ಸಚಿವರಾಗಿ ಅವರು ಹಿಡಿದ ಮೊದಲ ಕೆಲಸ ಯಾವುದು ಗೊತ್ತೇ? ಕಲ್ಲು ಕ್ವಾರಿಗಳಲ್ಲಿ ದೂಳು ಕುಡಿದು ಸಾಯುವವರ ಪರವಾಗಿ ನಿಂತದ್ದು. ಕಲ್ಲು ಕೊಯ್ಯುವಾಗ ನೀರು ಬಿಡಬೇಕು, ಮುಖಕ್ಕೆ ಮಾಸ್ಕ್ ಕೊಡಬೇಕು ಎಂದು ಹಟ ಹಿಡಿದರಂತೆ. ಫಾತಿಮಾ ಮೇಡಂ ಇದನ್ನು ಹೇಳುತ್ತಿದ್ದಾಗ ನಾನು ಎದ್ದು ಹೊರಗೆ ಹೋದೆ. ನಮ್ಮಪ್ಪ ಹೋದದ್ದು ಇದೇ ದೂಳಿನ ಕೆಮ್ಮಿನಿಂದ. ಆ ಸಂಜೆಯಿಂದ ಆ ಮನುಷ್ಯ ನನಗೆ ಪರದೇಶಿ ಅನ್ನಿಸಲಿಲ್ಲ.

ಮೈಸೂರು ಕಡೆಯಿಂದ ಒಳ್ಳೆಯ ಕೃಷ್ಣಶಿಲೆ ತರಿಸಿದೆ. ನಿಂತ ಭಂಗಿ. ಬಲಗೈ ಪಕ್ಕಕ್ಕೆ ಇಳಿದಿದೆ, ಎಡಗೈ ಎದೆಯ ಮಟ್ಟಕ್ಕೆ ಎತ್ತಿ ಅಂಗೈಯನ್ನು ಜನರ ಕಡೆ ತೋರಿಸಿದೆ. ಎಲೆನ್ ಅಮ್ಮ ಕೇಳಿದ್ದು ಅದೇ ಭಂಗಿ. ನಮ್ಮ ವೃತ್ತಿಯಲ್ಲಿ ಅಳತೆಗೆ ತಾಳ ಅನ್ನುತ್ತೇವೆ. ಕೂದಲ ಅಂಚಿನಿಂದ ಗಲ್ಲದವರೆಗೆ ಮುಖದ ಉದ್ದ ಒಂದು ತಾಳ. ದೇವರು ಹತ್ತು ತಾಳ, ಮನುಷ್ಯ ಎಂಟು ತಾಳ. ಮಣ್ಣಿನಲ್ಲಿ ಮುಖ ಮಾತ್ರ ಮಾಡಿ ಫೋಟೋ ಕಳಿಸಿದೆ, ಆಕೆ ಒಪ್ಪಿದರು. ಕಲ್ಲಿಗೆ ಉಳಿ ಇಟ್ಟೆವು.

ಇಟ್ಟೆವು ಅಂದದ್ದು ನಾನು ಮತ್ತು ನಮ್ಮ ಚಿಕ್ಕಪ್ಪ ನಂಜುಂಡಾಚಾರಿ. ನನಗೆ ಉಳಿ ಹಿಡಿಸಿದ ಗುರು ಅವರೇ. ಆಗಲೇ ಎಂಬತ್ತರ ಹತ್ತಿರ, ಆದರೂ ಕೈ ಮತ್ತು ಪಾದದ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅವರು ಕೆತ್ತಿದ ಬೆರಳುಗಳನ್ನು ನೋಡಿದರೆ ಈಗ ಅಲುಗುತ್ತವೆ ಅನ್ನಿಸಬೇಕು, ಹಾಗಿರುತ್ತಿದ್ದವು. ಅವರಿಗೆ ಎಲ್ಲ ಹೇಳಿದ್ದೆ. ಎಡಗೈಯ ಕಡೆಯ ಎರಡು ಬೆರಳಿನ ಜಾಗಕ್ಕೆ ಕೆಮ್ಮಣ್ಣಿನಿಂದ ಗುರುತು ಹಾಕಿ, ‘ಇವೆರಡು ಬೇಡ ಚಿಕ್ಕಪ್ಪ’ ಎಂದೂ ಹೇಳಿದ್ದೆ. ಅವರು ‘ಹೂಂ’ ಅಂದಿದ್ದರು. ಮಾವಿನ ಕಾಲ, ಶ್ರೀನಿವಾಸಪುರದ ಹತ್ತಿರ ಒಂದು ಗುಡಿಯಲ್ಲಿ ನಾವು ಮಾಡಿದ ದೇವಿಯ ಪ್ರತಿಷ್ಠೆ ಇತ್ತು. ಹೋಗಿ ಕೆಲವು ದಿನ ಅಲ್ಲೇ ಉಳಿದೆ. ಬುಟ್ಟಿ ತುಂಬ ಮಾವಿನಹಣ್ಣು ಹೊತ್ತು ಖುಷಿಯಾಗಿ ವಾಪಸು ಬಂದು ಶಾಲೆಯೊಳಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟೆ.

ಕೈಯ ಕೆಲಸ ಮುಗಿದಿತ್ತು. ಹೊಳಪು ಕೂಡ ಕೊಟ್ಟಾಗಿತ್ತು. ಅಂಗೈಯ ರೇಖೆ, ಬೆರಳಿನ ಗೆಣ್ಣು, ಉಗುರಿನ ಅಂಚು, ಒಂದೊಂದೂ ಮುದ್ದಾಗಿತ್ತು. ಬೆರಳು ಐದಕ್ಕೆ ಐದೂ ಇದ್ದವು.

"ಚಿಕ್ಕಪ್ಪಾ! ಏನಿದು?"

"ಕೈ ಕಣೋ. ಕೈ ನೋಡಿಲ್ವಾ ನೀನು?"

"ಗುರುತು ಹಾಕಿ ಹೋಗಿದ್ದೆನಲ್ಲ, ಎರಡು ಬೆರಳು ಬೇಡ ಅಂತ!"

"ನೋಡ್ದೆ. ಮನಸ್ಸು ಬರ್ಲಿಲ್ಲ. ಎಡಗೈ ಆದ್ರೇನು, ಎತ್ತಿದ ಕೈ ಅಂದ್ರೆ ಅಭಯ ಕಣೋ. ಅಭಯ ಕೊಡೋ ಕೈಯಲ್ಲಿ ಊನ ಇಡ್ತಾರೇನೋ? ಬದುಕಿದ್ದಾಗ ಪಟ್ಟಿದ್ದು ಸಾಲ್ದಾ? ಕಲ್ಲಲ್ಲಾದ್ರೂ ನೆಟ್ಟಗಿರ್ಲಿ ಬಿಡು ಆ ಪುಣ್ಯಾತ್ಮ."

ಇದನ್ನು ಓದುವವರಿಗೆ ಮುದುಕ ಹಟಮಾರಿ ಅನ್ನಿಸಬಹುದು. ಹಾಗಲ್ಲ. ಮೂಗಿನ ತುದಿ ಚೂರು ಮುಕ್ಕಾದರೂ ಆ ವಿಗ್ರಹ ಭಿನ್ನವಾಯಿತು, ಪೂಜೆಗೆ ಬಾರದು, ನೀರಿಗೆ ಬಿಡಬೇಕು ಎಂಬ ಮಾತಿನಲ್ಲೇ ಬೆಳೆದವರು ನಾವು. ಊನವಿಲ್ಲದ್ದನ್ನು ಮಾಡುವುದೇ ನಮ್ಮ ಕಸುಬು. ಬೇಕೆಂದೇ ಊನ ಮಾಡು ಅಂದರೆ ಆ ಕೈ ಹೇಗೆ ಒಪ್ಪೀತು? ಇದೆಲ್ಲ ನನಗೆ ಗೊತ್ತಿತ್ತು. ಆದರೂ ಕೋಪ ನೆತ್ತಿಗೇರಿತು. ಗುರುವಿನ ಎದುರು ಎಂದೂ ದನಿ ಎತ್ತದವನು ಅವತ್ತು ಬೀದಿಗೆಲ್ಲ ಕೇಳುವಂತೆ ಕಿರುಚಿದೆ. "ಇದು ಗುಡಿಗೆ ಹೋಗೋದಲ್ಲ ಚಿಕ್ಕಪ್ಪ! ಆ ಎರಡು ಬೆರಳು ಇಲ್ಲದೇ ಇದ್ದಿದ್ರಿಂದಾನೇ ಅವರು ಗವರ್ನರ್ ಆಗಿದ್ದು. ನೀವು ಇನ್ಯಾರನ್ನೋ ನಿಲ್ಸಿದೀರ ಇಲ್ಲಿ!"

ಚಿಕ್ಕಪ್ಪ ಪ್ರತಿಮೆಯ ಮಣಿಕಟ್ಟಿನ ಹತ್ತಿರ ಹೋಗಿ ಉಗುರಿನಿಂದ ತೋರಿಸಿದರು. ಹೊಳಪು ಕೊಟ್ಟ ಮೇಲೆ ಕಲ್ಲಿನೊಳಗೆ ಕೂದಲೆಳೆಯಂಥ ಬಿಳಿ ಗೆರೆಯೊಂದು ಕಾಣುತ್ತಿತ್ತು. ಇಂಥ ಎಳೆ ಇದ್ದ ಕಡೆ ಏಟು ಬಿದ್ದರೆ ಕಲ್ಲು ಅಲ್ಲಿಂದಲೇ ಬಿಟ್ಟುಕೊಳ್ಳುತ್ತದೆ. "ಈಗ ಬೆರಳು ತೆಗೀತೀನಿ ಅಂತ ಹೋದ್ರೆ ಕೈಯೇ ಹೋಗುತ್ತೆ. ಕೈ ಹೋದ್ರೆ ಎಲ್ಲಾ ಹೋಯ್ತು" ಎಂದು ಹೇಳಿ ಬೀಡಿ ಹಚ್ಚಿಕೊಂಡು ಹೊರಗೆ ಕೂತರು. ಒಂದು ಕಡೆ ಸುಳ್ಳು ಕೈ, ಇನ್ನೊಂದು ಕಡೆ ಮುರಿದ ಕೈ. ವರ್ಷದ ಶ್ರಮ, ಮನೆತನದ ಹೆಸರು ಎರಡೂ ಆ ಬಿಳಿ ಗೆರೆಯ ಮೇಲೆ ನಿಂತಿದ್ದವು.

ಪ್ರತಿಮೆ ನೋಡಲು ಬರುತ್ತೇನೆ ಎಂದಿದ್ದ ಎಲೆನ್ ಅಮ್ಮ ಆಗಲೇ ವಿಮಾನ ಹತ್ತಿಯಾಗಿತ್ತು. ಎದುರಿಗೆ ನಿಂತು ನಾನೇ ಹೇಳುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಬಂದರು. ಐವತ್ತು ದಾಟಿದ ಹೆಂಗಸು, ಎತ್ತರದ ಆಳು, ಮಾತು ಕಮ್ಮಿ. ನನ್ನ ಹೆಂಡತಿ ಸರೋಜಮ್ಮ ಆಂಧ್ರದ ಗಡಿ ಕಡೆಯ ತಾಯಲೂರಿನವಳು. ಕೋಪ ಬಂದರೂ ಪ್ರೀತಿ ಉಕ್ಕಿದರೂ ಬಾಯಲ್ಲಿ ತೆಲುಗೇ ಬರುವುದು. "ರಾಮ್ಮಾ, ರಾ" ಎಂದು ಕೈ ಹಿಡಿದು ಒಳಗೆ ಕರೆತಂದಳು. ಎಲೆನ್ ಅಮ್ಮನಿಗೆ ತೆಲುಗೂ ಗೊತ್ತಿಲ್ಲ, ಕನ್ನಡವೂ ಗೊತ್ತಿಲ್ಲ, ಆದರೆ ನಗುತ್ತಾ ಬಂದರು.

ಪ್ರತಿಮೆಯ ಮುಖ ನೋಡುತ್ತಲೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಕಣ್ಣಿನ ಗೊಂಬೆ ಇನ್ನೂ ಬಿಡಿಸಿರಲಿಲ್ಲ. ನಮ್ಮಲ್ಲಿ ಕಣ್ಣು ತೆರೆಸುವುದು ಎಲ್ಲಕ್ಕಿಂತ ಕಡೆಗೆ. ಆದರೂ ತಂದೆಯನ್ನು ಕಂಡುಕೊಂಡರು. ನನಗೆ ಹೆಮ್ಮೆಯಾಗಬೇಕಿತ್ತು, ಆದರೆ ನನ್ನ ಕಣ್ಣು ಆ ಐದು ಬೆರಳುಗಳ ಮೇಲೇ ಇತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಎಡಕ್ಕೆ ಬಂದು ಎತ್ತಿದ ಕೈಯನ್ನು ಹಿಡಿದುಕೊಳ್ಳಲು ತಮ್ಮ ಕೈ ಚಾಚಿದರು. ಹಿಡಿದರು, ಬಿಟ್ಟರು. ಮತ್ತೆ ಹಿಡಿದರು. ಮುಖ ಬಾಡಿತು. ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಹೇಳಿದರು.

"ಏನಂತಮ್ಮಾ?" ಚಿಕ್ಕಪ್ಪನೇ ಫಾತಿಮಾ ಮೇಡಂ ಅವರನ್ನು ಕೇಳಿದರು.

"ಚಿಕ್ಕೋಳಿದ್ದಾಗ ಅಪ್ಪನ ಈ ಕೈ ಹಿಡ್ಕೊಂಡೇ ಓಡಾಡ್ತಿದ್ರಂತೆ. ಎಲ್ಲಾರ ಅಪ್ಪಂದಿರ ಕೈನೂ ಹೀಗೇ ಇರುತ್ತೆ ಅಂದ್ಕೊಂಡಿದ್ರಂತೆ. ಸ್ಕೂಲಿಗೆ ಹೋಗಿ ಬೇರೆ ಮಗುವಿನ ಅಪ್ಪನ ಕೈಯಲ್ಲಿ ಐದು ಬೆರಳು ನೋಡಿ ಹೆದರಿ ಅತ್ತಿದ್ರಂತೆ." ಫಾತಿಮಾ ಮೇಡಂ ದನಿ ಇಳಿಸಿದರು. "ಈ ಕೈ ತುಂಬಾ ಚೆನ್ನಾಗಿದೆ, ಯಾರೋ ಒಳ್ಳೆಯವರ ಕೈ, ಆದರೆ ನಮ್ಮಪ್ಪನದಲ್ಲ ಅಂತಾರೆ."

ಎಲೆನ್ ಅಮ್ಮನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಸರೋಜಮ್ಮ ಹೋಗಿ ಸೆರಗಿನಿಂದ ಒರೆಸಿ, "ಏಡವಕಮ್ಮಾ, ಏಡವಕು" ಎಂದಳು, ಅಳಬೇಡ ಎಂದು. ನಾನು ತಡಮಾಡದೆ ಇದ್ದದ್ದು ಇದ್ದ ಹಾಗೆ ಹೇಳಿಸಿದೆ: ಊನದ ಮಾತು, ಅಭಯದ ಮಾತು, ಮಣಿಕಟ್ಟಿನ ಎಳೆ, ಮುರಿಯುವ ಭಯ, ಎಲ್ಲ. ಆಕೆ ಕೇಳಿಕೊಂಡು, ಅಭಯ ಅಂದರೇನು ಎಂದರು.

ಚಿಕ್ಕಪ್ಪ ತಮ್ಮದೇ ಕೈ ಎತ್ತಿ ತೋರಿಸಿದರು. "ಹೆದರ್ಬೇಡ, ನಾನಿದೀನಿ ಅಂತ. ದೇವ್ರು ಭಕ್ತರಿಗೆ ಹಿಂಗೆ ತೋರ್ಸೋದು."

ಅದು ಇಂಗ್ಲಿಷಿಗೆ ಹೋಗಿ ಕನ್ನಡವಾಗಿ ಹಿಂತಿರುಗಿತು. ಮಿಲ್ಲಿನ ಗೇಟಿನ ಮುಂದೆ ಅಪ್ಪ ಕೈ ಎತ್ತುತ್ತಿದ್ದುದೂ ಅದಕ್ಕೇ ಎಂದರು ಆಕೆ. ಮಾಲೀಕರಿಗೆ ಹೆದರಿ ಬಾಯಿ ಬಿಡದವರು ಆ ಬೆರಳಿಲ್ಲದ ಕೈ ನೋಡಿದ ಮೇಲೆ ಒಬ್ಬೊಬ್ಬರೇ ಯಂತ್ರಕ್ಕೆ ಸಿಕ್ಕ ತಮ್ಮ ಕೈ ತೋರಿಸಲು ಮುಂದೆ ಬರುತ್ತಿದ್ದರಂತೆ. ಕೈ ಮುರಿದರೂ ಪರವಾಗಿಲ್ಲ, ಆದರೆ ಈ ಕೈ ಬೇಡ ಎಂದರು.

ಚಿಕ್ಕಪ್ಪ ಕಲ್ಲಿನ ಆ ಎರಡು ಬೆರಳುಗಳ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ನಾಳೆ ಬೆಳಿಗ್ಗೆ ತೆಗೀತೀನಿ. ನೀನು ಮುಟ್ಟಬೇಡ. ಇಟ್ಟೋನು ನಾನು, ತೆಗೆಯೋನೂ ನಾನೇ."

ಬೆಳಿಗ್ಗೆ ಸ್ನಾನ ಮಾಡಿ ಬಂದರು. ಗ್ರೈಂಡರ್ ಬೇಡ, ಅದರ ನಡುಕಕ್ಕೆ ಎಳೆ ಬಿಡುತ್ತದೆ ಎಂದು ತಮ್ಮ ಹಳೆಯ ಸಣ್ಣ ಉಳಿ ಮಸೆದುಕೊಂಡರು. ಮಣಿಕಟ್ಟಿನ ಕೆಳಗೆ ಮರದ ಆಧಾರ ಕೊಟ್ಟು, ಒದ್ದೆ ಗೋಣಿಚೀಲ ಸುತ್ತಿ, ನನ್ನ ಎರಡೂ ಕೈಯಲ್ಲಿ ಕಲ್ಲಿನ ಅಂಗೈಯನ್ನು ಒತ್ತಿ ಹಿಡಿಯಲು ಹೇಳಿದರು. "ಒಳಗೆ ಅಲುಗಿದ್ರೆ ನಿಂಗೆ ಗೊತ್ತಾಗುತ್ತೆ. ತಕ್ಷಣ ಹೇಳು." ಆಮೇಲೆ ಪ್ರತಿಮೆಯ ಮುಖ ನೋಡಿ ಕೈ ಮುಗಿದರು. "ಅಪ್ಪಣೆ ಕೊಡಿ ಸಾರ್. ಒಳ್ಳೇದಾಗ್ಲಿ ಅಂತ ಇಟ್ಟಿದ್ದೆ, ತಪ್ಪು ತಿಳ್ಕೋಬೇಡಿ." ಯಾರೂ ನಗಲಿಲ್ಲ.

ನನ್ನ ಜೀವಮಾನದಲ್ಲಿ ಅಂಥ ಉಳಿ ಕೆಲಸ ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ಸುತ್ತಿಗೆಯ ಏಟು ಕಿವಿಗೆ ಕೇಳಿಸಿದರೆ ಕೇಳಿಸಿತು, ಇಲ್ಲದಿದ್ದರೆ ಇಲ್ಲ, ಅಷ್ಟು ಹಗುರ. ಒಂದು ಏಟು ಹಾಕಿ ನನ್ನ ಮುಖ ನೋಡುವರು, ನಾನು ತಲೆಯಾಡಿಸಿದ ಮೇಲೆ ಇನ್ನೊಂದು. ನಡುವೆ ಒಮ್ಮೆ ನನ್ನ ಅಂಗೈಗೆ ಏನೋ ಅದುರಿದ ಹಾಗಾಯಿತು. "ನಿಲ್ಸಿ!" ಅಂದೆ. ನಿಲ್ಲಿಸಿದರು. ಗೋಣಿ ಸರಿಸಿ ನೋಡಿದರೆ ಎಳೆ ಎಳೆಯಾಗಿಯೇ ಇತ್ತು, ಬಿಟ್ಟಿರಲಿಲ್ಲ. ಅದುರಿದ್ದು ನನ್ನ ಕೈಯೇ. "ಹೆದರ್ಬೇಡ್ಲಾ" ಎಂದು ಚಿಕ್ಕಪ್ಪ ಮತ್ತೆ ಉಳಿ ಇಟ್ಟರು.

ಮೊದಲು ಕಿರುಬೆರಳು ಬಿಟ್ಟಿತು, ಸ್ವಲ್ಪ ಹೊತ್ತಿನ ಮೇಲೆ ಉಂಗುರದ ಬೆರಳು. ಎರಡನ್ನೂ ನೆಲಕ್ಕೆ ಬೀಳಗೊಡದೆ ಎಡ ಅಂಗೈಯಲ್ಲಿ ಹಿಡಿದುಕೊಂಡರು. ಕೈ ನಿಂತಿತು! ನಾನು ಗೋಣಿ ಬಿಚ್ಚಿ, ಆಧಾರ ತೆಗೆದು, ದೂರ ನಿಂತು ನೋಡಿದೆ. ಗಟ್ಟಿಯಾಗಿ ನಿಂತಿತ್ತು. ಖುಷಿಗೆ ನನಗೆ ಅಳು ಬಂತು ಎಂದು ಹೇಳಲು ನಾಚಿಕೆಯೇನೂ ಇಲ್ಲ. ಆಮೇಲೆ ಮೋಟು ಹೇಗಿರಬೇಕೆಂದು ಎಲೆನ್ ಅಮ್ಮನೇ ಪಕ್ಕದಲ್ಲಿ ನಿಂತು ಬೆರಳಿಟ್ಟು ತೋರಿಸಿದರು. ಇಲ್ಲಿ ಚರ್ಮ ಮಡಿಸಿತ್ತು, ಇಲ್ಲಿ ಗುಂಡಗಿತ್ತು ಎಂದು ಕಣ್ಣು ಮುಚ್ಚಿಕೊಂಡೇ ಹೇಳಿದರು. ಚಿಕ್ಕಪ್ಪ ಅರದಿಂದ ಉಜ್ಜುತ್ತಾ ಹೋದರು. ಮುಗಿದ ಮೇಲೆ ಆಕೆ ಕೈ ಹಿಡಿದುಕೊಂಡರು. ಈ ಸಲ ಬಿಡಲಿಲ್ಲ. ಅದೇ ಮಧ್ಯಾಹ್ನ ಚಿಕ್ಕಪ್ಪ ಕಣ್ಣು ಬಿಡಿಸಿದರು.

ತೆಗೆದ ಬೆರಳುಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಭಿನ್ನವಾದದ್ದನ್ನು ನೀರಿಗೆ ಬಿಡುವುದು ನಮ್ಮ ಪದ್ಧತಿ ಎಂದು ಹೇಳಿಸಿದೆ. ಆಕೆ ಕೇಳಿಕೊಂಡು ಹೇಳಿದರು: ನಿಜವಾದ ಬೆರಳುಗಳನ್ನು ಮಿಲ್ಲಿನವರು ಮರದ ಹೊಟ್ಟಿನ ಜೊತೆ ಗುಡಿಸಿ ಎಸೆದಿದ್ದರಂತೆ, ಅದೊಂದು ಅಪ್ಪನಿಗೆ ಕೊನೆಯವರೆಗೂ ನೋವಾಗಿ ಉಳಿದಿತ್ತಂತೆ. ಸರೋಜಮ್ಮ ಒಳಗೆ ಹೋಗಿ ಬಾಳೆಯೆಲೆ, ಅರಿಸಿನ, ಕುಂಕುಮ, ಎರಡು ಸೇವಂತಿಗೆ ಹೂ ತಂದಳು. ನಾವೆಲ್ಲ ನಮ್ಮೂರ ಕೆರೆ ಏರಿಗೆ ನಡೆದುಹೋದೆವು. ಎಲೆನ್ ಅಮ್ಮ ಚಪ್ಪಲಿ ಬಿಟ್ಟು ನೀರಿಗಿಳಿದು, ಎಲೆಯಲ್ಲಿ ಸುತ್ತಿದ್ದ ಬೆರಳುಗಳನ್ನು ತಾವೇ ಬಿಟ್ಟರು. ಅಮೆರಿಕದ ಒಬ್ಬ ಗವರ್ನರ್ ಸಾಹೇಬರ ಎರಡು ಬೆರಳು ಶಿವಾರಪಟ್ಟಣದ ಕೆರೆಯಲ್ಲಿವೆ. ಈ ಮಾತು ಹೇಳುವ ಅಧಿಕಾರ ಜಗತ್ತಿನಲ್ಲಿ ನಮ್ಮ ಊರಿಗೆ ಮಾತ್ರ ಇದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ದೇವರನ್ನು ಮಾಡುವಾಗ ತಾಳ ತಪ್ಪಬಾರದು. ಮನುಷ್ಯನನ್ನು ಮಾಡುವಾಗ ಅವನು ಎಲ್ಲಿ ತಾಳ ತಪ್ಪಿದ್ದಾನೆ ಎಂದು ಮೊದಲು ಕೇಳಬೇಕು. ಹೋದ ವರ್ಷ ಮುಳಬಾಗಿಲಿನ ಕಡೆಯವರು ತೀರಿಕೊಂಡ ಹೆಡ್‌ಮಾಸ್ಟರೊಬ್ಬರ ಪ್ರತಿಮೆಗೆ ಬಂದಿದ್ದರು. "ಮೇಷ್ಟ್ರಿಗೆ ಸ್ವಲ್ಪ ಮೆಳ್ಳೆಗಣ್ಣು, ನೀವು ಸರಿ ಮಾಡ್ಬಿಡಿ" ಎಂದರು. "ಸರಿ ಮಾಡಿದ್ರೆ ಮೇಷ್ಟ್ರು ಇರಲ್ಲ ಸ್ವಾಮೀ" ಎಂದು ಚಿಕ್ಕಪ್ಪನೇ ಮೂಲೆಯಿಂದ ಗದರಿಸಿ ಕಳಿಸಿದರು. ಅವರಿಗೆ ಈಗ ಕಣ್ಣು ಮಂಜು, ಉಳಿ ಹಿಡಿಯುವುದಿಲ್ಲ. ಬಾಯಿ ಮಾತ್ರ ಚುರುಕಾಗಿದೆ.

ಪ್ರತಿಮೆ ನಿಲ್ಲಿಸಿದ ಮೇಲೆ ಎಲೆನ್ ಅಮ್ಮ ಒಂದು ಫೋಟೋ ಕಳಿಸಿದರು. ಗ್ರಂಥಾಲಯದ ಮುಂದೆ ನಮ್ಮ ಕಪ್ಪು ಗವರ್ನರ್ ನಿಂತಿದ್ದಾರೆ. ಅವರೆದುರು ಒಬ್ಬ ಮುದುಕ, ಹಳೇ ಮಿಲ್ಲಿನ ಕೆಲಸಗಾರ. ತನ್ನ ಕೈ ಎತ್ತಿ ಕಲ್ಲಿನ ಅಂಗೈಗೆ ಅಂಗೈ ಸೇರಿಸಿ ಒತ್ತಿಟ್ಟಿದ್ದಾನೆ. ಅವನ ಕೈಯಲ್ಲೂ ಒಂದು ಬೆರಳಿಲ್ಲ. ಚಿಕ್ಕಪ್ಪ ಮೊಬೈಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು.

"ಐದು ಬೆರಳು ಇದ್ದಿದ್ರೆ," ಎಂದರು, "ಇವನು ಹತ್ರಾನೇ ಬರ್ತಿರ್ಲಿಲ್ಲ ಕಣೋ."